ಈ ಕಾಗದವನ್ನು ನಾಳೆ ಯಾರು ಕೇಳ್ತಾರೆ? ಸಣ್ಣ ಅಂಗಡಿಯ ಬಿಲ್ಲು, ರಸೀದಿ, ದಾಖಲೆ ಜೋಡಿಸಿಡುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ, ಅಶೋಕ ರಸ್ತೆಯ ಅಂಗಡಿಗಳಲ್ಲಿ ಕಾಗದ ಇಡುವ ಪದ್ಧತಿ ಹೆಚ್ಚುಕಮ್ಮಿ ಒಂದೇ. ಗಲ್ಲಾ ಪಕ್ಕದಲ್ಲಿ ಬಿಲ್ಲು ಚುಚ್ಚುವ ಕಬ್ಬಿಣದ ಕಡ್ಡಿ. ಅದು ತುಂಬಿದರೆ ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರ್‌ಗೆ. ಡ್ರಾಯರ್ ತುಂಬಿದರೆ ಕ್ಯಾರಿ ಬ್ಯಾಗಿಗೆ. ಮಾರ್ಚ್ ಮುಗಿದ ಮೇಲೆ ಕ್ಯಾರಿ ಬ್ಯಾಗುಗಳೆಲ್ಲ ಗೋಣಿಚೀಲ ಸೇರಿ ಅಟ್ಟ ಹತ್ತುತ್ತವೆ. ಯಾವುದಾದರೂ ಬಿಲ್ಲು ಕೇಳಿದರೆ "ಎಲ್ಲಾ ಐತಿ ಸಾರ್, ಹುಡುಕಬೇಕು ಅಷ್ಟೇ" ಎಂಬ ಉತ್ತರ ಸಿಗುತ್ತದೆ. ಮಾತು ಸುಳ್ಳಲ್ಲ. ಆದರೆ ನೋಟಿಸಿಗೆ ಉತ್ತರ ಕೊಡಲು ವಾರ ಉಳಿದಿರುವಾಗ ಗೋಣಿಚೀಲ ಬಿಚ್ಚಿ ಕೂತರೆ, ಇದ್ದೂ ಇಲ್ಲದ ಹಾಗೆ.

2025ರ ಜುಲೈನಲ್ಲಿ ನಡೆದದ್ದು ನೆನಪಿದೆ ಅಲ್ವಾ? ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾಲು, ತರಕಾರಿ ಮಾರುವವರಿಗೂ ಬಂತು. ಹಾಲಿಗೆ, ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಬ್ಯಾಂಕಿಗೆ ಬಂದ ದುಡ್ಡಿನ ಮೇಲೆ "ಇದು ಹಾಲಿನ ದುಡ್ಡು" ಅಂತ ಬರೆದಿರುವುದಿಲ್ಲ. ಅದನ್ನು ಹೇಳುವುದು ಖರೀದಿ ಚೀಟಿ, ದಿನದ ಲೆಕ್ಕದ ಪುಸ್ತಕ. ಅದನ್ನು ಇಟ್ಟುಕೊಂಡವರು ತೋರಿಸಬಹುದಿತ್ತು. ಇಲ್ಲದವರಿಗೆ ಬಾಯಿಮಾತೇ ಗತಿ.

ನಾನು ಅಂಗಡಿಗಳ ಲೆಕ್ಕ ಬರೆಯುವವನು. ಫೈಲ್ ಮಾಡುವುದರ ಬಗ್ಗೆ ನಾನು ಹೇಳುವುದು ಒಂದೇ ಮಾತು: ಕಾಗದ ನೋಡಲು ಹೇಗಿದೆ ಅಂತ ನೋಡಿ ಜೋಡಿಸಬೇಡಿ, ಅದನ್ನು ನಾಳೆ ಯಾರು ಕೇಳುತ್ತಾರೆ ಅಂತ ನೋಡಿ ಜೋಡಿಸಿ. ಜಿಎಸ್‌ಟಿ ಅಧಿಕಾರಿ ತಿಂಗಳು ಹೇಳಿ ಕೇಳುತ್ತಾರೆ. ಗಿರಾಕಿ ತನ್ನ ಹೆಸರು ಹೇಳಿ ಕೇಳುತ್ತಾನೆ. ತೂಕ-ಅಳತೆ ಇಲಾಖೆಯವರು ಅಂಗಡಿಗೇ ಬಂದು ಗೋಡೆ ನೋಡುತ್ತಾರೆ. ಕೇಳುವವರ ದಾರಿಯಲ್ಲೇ ಕಾಗದ ಇದ್ದರೆ ಹುಡುಕುವ ಕೆಲಸವೇ ಇರುವುದಿಲ್ಲ. ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯ ಮೇಲೇ ನಿಂತಿವೆ.

ಹಂತ 1: ಮೊದಲು ಸಾಮಾನು, ಜಾಗ

ದೊಡ್ಡ ಖರ್ಚೇನೂ ಇಲ್ಲ. ಬೇಕಾದದ್ದು ಇಷ್ಟು: ನಾಲ್ಕೈದು ಬಾಕ್ಸ್ ಫೈಲ್, ಒಂದು ಡಜನ್ ಸ್ಪ್ರಿಂಗ್ ಫೈಲ್, ಎರಡು ತೂತಿನ ಪಂಚಿಂಗ್ ಮೆಷಿನ್, ಲೇಸ್ ಟ್ಯಾಗಿನ ಕಟ್ಟು, ದಪ್ಪ ಮಾರ್ಕರ್, ಒಂದು ಉದ್ದ ನೋಟ್‌ಬುಕ್. ಪಂಚಿಂಗ್ ಮೆಷಿನ್ ಮಾತ್ರ ಒಳ್ಳೆಯದು ತಗೊಳ್ಳಿ. ಅಗ್ಗದ್ದು ಹತ್ತು ಹಾಳೆ ಕೊಟ್ಟರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಅಂಗಡಿ ಹುಡುಗ ಪೆನ್ನಿನಲ್ಲಿ ತೂತು ಮಾಡಲು ಶುರುಮಾಡುತ್ತಾನೆ, ಬಿಲ್ ನಂಬರ್ ಇರುವ ಜಾಗದಲ್ಲೇ ತೂತು ಬೀಳುತ್ತದೆ.

ಗುಂಡುಪಿನ್ನು ಬಿಟ್ಟುಬಿಡಿ. ಎರಡು ಮಳೆಗಾಲ ಕಳೆದರೆ ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ. ರಬ್ಬರ್ ಬ್ಯಾಂಡೂ ಬೇಡ. ನಮ್ಮೂರ ಬೇಸಿಗೆಯ ಬಿಸಿಲಿಗೆ ಅದು ಕರಗಿ ಬಿಲ್ಲಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಅಕ್ಷರದ ಸಮೇತ ಕಿತ್ತು ಬರುತ್ತದೆ.

ಜಾಗದ ವಿಷಯದಲ್ಲಿ ಒಂದು ಕಟ್ಟುನಿಟ್ಟು: ಅಟ್ಟ ಬೇಡ, ಅದರಲ್ಲೂ ಮೇಲೆ ತಗಡಿನ ಶೀಟು ಇದ್ದರೆ ಬೇಡವೇ ಬೇಡ. ನೆಲವೂ ಬೇಡ. ಬೀರು ಅಥವಾ ರ‍್ಯಾಕನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ. ಗೆದ್ದಲು ಹತ್ತುವುದು ಗೋಡೆಯಿಂದ, ನೆಲದಿಂದ. ಕಿರಾಣಿ, ಕಾಳುಕಡಿ ಅಂಗಡಿಯವರಿಗೆ ಇಲಿ ಕಾಟ ಬೇರೆ, ಅವರು ಬಾಗಿಲಿರುವ ಕಬ್ಬಿಣದ ಬೀರುವನ್ನೇ ತಗೊಳ್ಳಬೇಕು. ಮಂಡಕ್ಕಿ ಭಟ್ಟಿ ಇಟ್ಟವರಿಗೆ ಹೊಗೆ, ಬೂದಿ, ಸಣ್ಣ ದೂಳು. ಭಟ್ಟಿಯ ಕಾಗದ ಭಟ್ಟಿಯಲ್ಲೇ ಇರಬೇಕು ಎನ್ನುವವರು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಫೈಲ್ ಇಡಲಿ. ಬಾಕ್ಸ್ ಫೈಲಿನ ಬಾಯಿ ತೆರೆದೇ ಇರುತ್ತದೆ, ದೂಳು ಒಳಗೆ ಇಳಿಯುತ್ತದೆ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಹಾಕಿ, ಸೀದಾ ಕಾಗದದ ಮೇಲೆ ಬೇಡ.

ಒಂದು ವಿಷಯ ಗಮನದಲ್ಲಿರಲಿ. ಜಿಎಸ್‌ಟಿ ನೋಂದಣಿ ಇರುವವರು ಲೆಕ್ಕಪತ್ರವನ್ನು ನೋಂದಣಿಯಲ್ಲಿ ತೋರಿಸಿದ ಮುಖ್ಯ ವ್ಯಾಪಾರದ ಜಾಗದಲ್ಲೇ ಇಟ್ಟಿರಬೇಕು. ಬೇರೆ ಗೋಡೌನು, ಬ್ರಾಂಚು ತೋರಿಸಿದ್ದರೆ ಆಯಾ ಜಾಗದ ಲೆಕ್ಕ ಆಯಾ ಜಾಗದಲ್ಲಿ. "ಮನೇಲಿ ಇಟ್ಟೀವಿ" ಅನ್ನುವುದು ನಡೆಯುವ ಮಾತಲ್ಲ.

ಹಂತ 2: ಗೋಡೆಗೆ ಹೋಗುವ ಕಾಗದ, ಎಂದೂ ಬಿಸಾಡದ ಕಾಗದ

ಕೆಲವು ಕಾಗದಗಳ ಜಾಗ ಫೈಲ್ ಅಲ್ಲ, ಗೋಡೆ. ಜಿಎಸ್‌ಟಿ ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು, ಜಿಎಸ್‌ಟಿ ನಂಬರ್ ಹೊರಗಿನ ಬೋರ್ಡಿನ ಮೇಲೂ ಇರಬೇಕು. ತೂಕದ ಮುದ್ರೆಯ ಪತ್ರವೂ ಗೋಡೆಯದ್ದೇ. ಕಂಪ್ಯೂಟರ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು, ತೂಕದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ, ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ತಿನ್ನುವ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತೆಯ ನೋಂದಣಿ, ಇವೂ ಗೋಡೆಗೆ. ಫ್ರೇಮ್ ಹಾಕಿಸುವಾಗ ಹಿಂದೆ ಬಿಚ್ಚಲು ಬರುವಂಥದ್ದು ಹಾಕಿಸಿ. ನವೀಕರಣ ಆದಾಗ ಹೊಸದನ್ನು ಮುಂದಿಟ್ಟು ಹಳೆಯದನ್ನು ಫೈಲಿಗೆ ಹಾಕಬಹುದು.

ಪ್ರತಿ ಪತ್ರದ ಅವಧಿ ಮುಗಿಯುವ ದಿನಾಂಕವನ್ನು ಒಂದೇ ಹಾಳೆಯಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ದಂಡ ಕಟ್ಟುವವರಲ್ಲಿ ಬಹಳ ಜನ ಲೈಸೆನ್ಸ್ ಇಲ್ಲದವರಲ್ಲ, ತಾರೀಖು ಮರೆತವರು.

ಎರಡನೆಯದು ಕಾಯಂ ಫೈಲ್. ಇದಕ್ಕೆ ಒಂದು ದಪ್ಪ ಬಾಕ್ಸ್ ಫೈಲ್, ಬೇರೆ ಬಣ್ಣದ್ದು. ಪಾಲುದಾರಿಕೆ ಪತ್ರ, ಬಾಡಿಗೆ ಕರಾರು, ಪ್ಯಾನ್, ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವುದು), ಮೀಟರ್ ಠೇವಣಿ ರಸೀದಿ, ವಿಮೆ ಪಾಲಿಸಿ, ಯಂತ್ರ ಮತ್ತು ಗಾಡಿಯ ಖರೀದಿ ಬಿಲ್ಲು, ಬ್ಯಾಂಕ್ ಸಾಲ ತೀರಿದ ಪತ್ರ. ಈ ಕೊನೆಯದನ್ನು ಜನ ನಿರ್ಲಕ್ಷ್ಯ ಮಾಡುತ್ತಾರೆ. ಸಾಲ ತೀರಿತು, ಖುಷಿಯಲ್ಲಿ ಕಾಗದ ಎಲ್ಲೋ ಹೋಯಿತು. ಹತ್ತು ವರ್ಷದ ಮೇಲೆ ಮತ್ತೊಂದು ಬ್ಯಾಂಕಿಗೆ ಹೋದಾಗ ಹಳೆ ಸಾಲ ಇನ್ನೂ ಬಾಕಿ ಎಂದು ದಾಖಲೆ ತೋರಿಸುತ್ತದೆ. ಆಗ ನಿಮ್ಮನ್ನು ಕಾಯುವುದು ಆ ಒಂದು ಹಾಳೆ. ಯಂತ್ರದ ಬಿಲ್ಲನ್ನು ಖರೀದಿ ಫೈಲಿಗೆ ಹಾಕಬೇಡಿ. ಸವಕಳಿ ಲೆಕ್ಕಕ್ಕೆ ಅದು ಯಂತ್ರ ಇರುವಷ್ಟು ಕಾಲವೂ ಬೇಕು.

ಹಂತ 3: ಖರೀದಿ ಬಿಲ್ಲು, ಇಲ್ಲೇ ಹೆಚ್ಚು ಹೊತ್ತು ಕೊಡಿ

ಬೇರೆ ಫೈಲು ಸ್ವಲ್ಪ ಹೆಚ್ಚುಕಮ್ಮಿಯಾದರೂ ಬದುಕಬಹುದು. ಖರೀದಿ ಬಿಲ್ಲು ಕಳೆದರೆ ಕೈಯಿಂದ ದುಡ್ಡು ಹೋಗುತ್ತದೆ. ಬಿಲ್ಲು ಕೈಯಲ್ಲಿಲ್ಲದೆ ಆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕ್ರೆಡಿಟ್ ಆಗಿ ತಗೊಳ್ಳಲು, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು, ಬರುವುದಿಲ್ಲ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಬೆಂಗಳೂರಿನಿಂದ ಬಟ್ಟೆ ಬೇಲು ಬಂತು ಅಂದುಕೊಳ್ಳಿ. ಲಾರಿ ಆಫೀಸಿನ ಹಮಾಲರು ಇಳಿಸಿ ಹೋದರು. ಬೇಲಿನ ಮೇಲಿನ ಗೋಣಿ ಬಿಚ್ಚಿದರೆ ಒಳಗೆ ನಾಲ್ಕು ಮಡಿಕೆ ಮಾಡಿದ ಬಿಲ್ಲು, ಮೂಲೆಯಲ್ಲಿ ಒದ್ದೆ ಕಲೆ. ಅದನ್ನು ಹಾಗೇ ಕಡ್ಡಿಗೆ ಚುಚ್ಚಬೇಡಿ. ಬಿಡಿಸಿ, ಕೈಯಿಂದ ತೀಡಿ ಟೇಬಲ್ಲಿನ ಮೇಲೆ ಇಡಿ. ಮೊದಲು ನಿಮ್ಮ ಜಿಎಸ್‌ಟಿ ನಂಬರ್ ನೋಡಿ. ಹದಿನೈದು ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ಒಂದು ಅಕ್ಷರ ತಪ್ಪಿದ್ದರೂ ಅವತ್ತೇ ಫೋನ್ ಮಾಡಿ ಸರಿ ಮಾಡಿಸಿ. ನಿಮ್ಮ ತೆರಿಗೆ ಬೇರೆ ಯಾರದೋ ಖಾತೆಗೆ ಬಿದ್ದ ಮೇಲೆ ಪರದಾಡುವುದು ನೀವೇ. ಆಮೇಲೆ ಬಿಲ್ಲಿನ ಬಲ ಮೇಲಿನ ಮೂಲೆಯಲ್ಲಿ ಪೆನ್ನಿನಿಂದ ಎರಡು ಸಾಲು ಬರೆಯಿರಿ: ಸರಕು ಮುಟ್ಟಿದ ದಿನ, ಎಷ್ಟು ನಗ ಬಂತು. ಕಡಿಮೆ ಬಂದಿದ್ದರೆ ಅದನ್ನೂ ಅಲ್ಲೇ ಬರೆಯಿರಿ. ಲಾರಿ ರಸೀದಿಯನ್ನು, ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ಪತ್ರ) ಇದ್ದರೆ ಅದನ್ನೂ ಅದರ ಹಿಂದೆ ಸ್ಟೇಪಲ್ ಮಾಡಿ. 50,000 ರೂಪಾಯಿ ದಾಟಿದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ ಇರಲೇಬೇಕು.

ದುಡ್ಡು ಕೊಟ್ಟ ದಿನ ಅದೇ ಬಿಲ್ಲನ್ನು ಮತ್ತೆ ತೆಗೆದು ಮೂರನೇ ಸಾಲು ಬರೆಯಿರಿ: ಯಾವ ದಿನ, ಯಾವ ಚೆಕ್ಕು ಅಥವಾ ಯಾವ ಬ್ಯಾಂಕಿನಿಂದ, ಎಷ್ಟು. ಈ ಮೂರು ಸಾಲು ಇದ್ದರೆ ಬಿಲ್ಲೇ ತನ್ನ ಕಥೆ ಹೇಳುತ್ತದೆ. ಯಾಕೆ ಇಷ್ಟು ಒತ್ತು ಅಂದರೆ, ಮಾರಿದವರಿಗೆ 180 ದಿನದೊಳಗೆ ದುಡ್ಡು ಕೊಡದಿದ್ದರೆ ತಗೊಂಡ ತೆರಿಗೆ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಂದ ಕೊಂಡಿದ್ದರಂತೂ ಗಡುವು ಇನ್ನೂ ಬಿಗಿ: ಬರಹದ ಕರಾರು ಇಲ್ಲದಿದ್ದರೆ 15 ದಿನ, ಕರಾರು ಇದ್ದರೂ 45 ದಿನ ಮೀರುವ ಹಾಗಿಲ್ಲ. ಈ 15, 45 ದಿನ ಎಣಿಸುವುದು ಸರಕು ಮುಟ್ಟಿದ ದಿನದಿಂದ. ಬಿಲ್ಲಿನ ಮೇಲೆ ಅಚ್ಚಾಗಿರುವ ದಿನಾಂಕಕ್ಕೂ ಬೇಲು ನಿಮ್ಮ ಬಾಗಿಲಿಗೆ ಬಂದ ದಿನಕ್ಕೂ ವಾರ ವ್ಯತ್ಯಾಸ ಇರುವುದುಂಟು.

ಈಗ ಜೋಡಣೆ. ಮಾರುವವರ ಹೆಸರಿನ ಪ್ರಕಾರವೋ, ತಿಂಗಳ ಪ್ರಕಾರವೋ? ತುಂಬಾ ಜನ ಹೆಸರಿನ ಪ್ರಕಾರ ಇಡುತ್ತಾರೆ. ನನ್ನ ಓಟು ತಿಂಗಳಿಗೆ. ಯಾಕಂದರೆ ಕೇಳುವವರು ತಿಂಗಳು ಹೇಳಿಯೇ ಕೇಳುತ್ತಾರೆ, ರಿಟರ್ನ್ ಹೋಗುವುದೂ ತಿಂಗಳ ಲೆಕ್ಕದಲ್ಲಿ. ಪ್ರತಿ ತಿಂಗಳಿಗೆ ಒಂದು ಸ್ಪ್ರಿಂಗ್ ಫೈಲ್, ಒಳಗೆ ದಿನಾಂಕದ ಕ್ರಮ, ಹಳೆಯದು ಕೆಳಗೆ ಹೊಸದು ಮೇಲೆ. ಮುಂದಿನ ತಿಂಗಳು 14ನೇ ತಾರೀಖಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ, ಅಂದರೆ ಮಾರಿದವರು ನಿಮ್ಮ ನಂಬರಿಗೆ ತೋರಿಸಿದ ಬಿಲ್ಲುಗಳ ಪಟ್ಟಿ. ಅದನ್ನು ಪ್ರಿಂಟ್ ತೆಗೆದು ಫೈಲಿನ ಮೇಲೆ ಹಾಕಿ, ಒಂದೊಂದು ಬಿಲ್ಲಿಗೂ ಟಿಕ್ ಹಾಕಿ. ನಿಮ್ಮ ಹತ್ತಿರ ಬಿಲ್ಲಿದೆ, ಅದರಲ್ಲಿ ಇಲ್ಲ ಅಂದರೆ ಮಾರಿದವರು ತೋರಿಸಿಲ್ಲ ಅಂತ ಅರ್ಥ. ಆ ಬಿಲ್ಲಿಗೆ ಕೆಂಪು ಚೀಟಿ ಅಂಟಿಸಿ, ಅವರಿಗೆ ಫೋನ್ ಮಾಡಿ. ಅದರಲ್ಲಿದೆ, ನಿಮ್ಮ ಹತ್ತಿರ ಬಿಲ್ಲಿಲ್ಲ ಅಂದರೆ ಡ್ರಾಯರ್ ಹುಡುಕಿ, ಸಿಗದಿದ್ದರೆ ಆ ತಿಂಗಳೇ ನಕಲು ತರಿಸಿ. ಎರಡು ವರ್ಷ ಬಿಟ್ಟು ನಕಲು ಕೇಳಿದರೆ ಯಾರೂ ಹುಡುಕಿ ಕೊಡುವುದಿಲ್ಲ.

ಹೆಸರಿನ ಪ್ರಕಾರ ಬೇಕೇ ಬೇಕು ಅನ್ನುವವರು ಖಾತೆ ಪುಸ್ತಕದಲ್ಲಿ ನೋಡಿಕೊಳ್ಳಬಹುದು. ಖಾತೆ ಇರುವುದು ಅದಕ್ಕೇ.

ಹಂತ 4: ಮಾರಾಟದ ಬಿಲ್ಲು

ಇದು ಸುಲಭ. ನಂಬರಿನ ಕ್ರಮ, ಬೇರೇನೂ ಬೇಡ. ಸರಕಿನ ಬಿಲ್ಲಿಗೆ ಮೂರು ಪ್ರತಿ: ಮೊದಲನೆಯದು ಗಿರಾಕಿಗೆ, ಎರಡನೆಯದು ಗಾಡಿಯವರಿಗೆ, ಮೂರನೆಯದು ನಿಮಗೆ. ನಂಬರ್ ಸಾಲಾಗಿ ಇರಬೇಕು, ಆ ವರ್ಷದಲ್ಲಿ ಒಂದು ನಂಬರ್ ಒಂದೇ ಸಲ ಬರಬೇಕು, 16 ಅಕ್ಷರ ದಾಟಬಾರದು. ರದ್ದಾದ ಬಿಲ್ಲನ್ನು ಹರಿದು ಬಿಸಾಡಬೇಡಿ. ಮೂರೂ ಪ್ರತಿಯನ್ನು ಒಟ್ಟಿಗೆ ಹಾಕಿ, ಅಡ್ಡಗೆರೆ ಎಳೆದು "ರದ್ದು" ಎಂದು ಬರೆದು ಪುಸ್ತಕದಲ್ಲೇ ಬಿಡಿ. ಮಧ್ಯದಲ್ಲಿ ಒಂದು ನಂಬರ್ ಕಾಣೆಯಾದರೆ ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ, ನೋಂದಣಿ ಇಲ್ಲದ ಗಿರಾಕಿ ಕೇಳದಿದ್ದರೆ ಬಿಡಿಬಿಡಿಯಾಗಿ ಬಿಲ್ಲು ಹಾಕಬೇಕಿಲ್ಲ. ಆದರೆ ದಿನದ ಕೊನೆಗೆ ಎಲ್ಲ ಸೇರಿಸಿ ಒಂದು ಬಿಲ್ಲು ಹಾಕಬೇಕು. ಬೆಣ್ಣೆದೋಸೆ ಹೋಟೆಲಿನವರು, ಸಣ್ಣ ಕಿರಾಣಿಯವರು ಇದನ್ನು ರಾತ್ರಿ ಗಲ್ಲಾ ಎಣಿಸುವಾಗಲೇ ಮಾಡಿದರೆ ಮರೆಯುವುದಿಲ್ಲ.

ಹಂತ 5: ಮಾಯವಾಗುವ ಕಾಗದ

ಪೆಟ್ರೋಲ್ ಬಂಕ್, ಎಟಿಎಂ, ಸ್ವೈಪ್ ಮೆಷಿನ್, ತೂಕದ ಸೇತುವೆ, ಇಲ್ಲೆಲ್ಲ ಬರುವ ನುಣುಪಾದ ಚೀಟಿಗೆ ಶಾಯಿ ಇರುವುದಿಲ್ಲ. ಕಾಗದದ ಮೇಲಿನ ರಾಸಾಯನಿಕ ಲೇಪ ಬಿಸಿ ತಾಗಿ ಕಪ್ಪಾಗುತ್ತದೆ, ಅದೇ ಅಕ್ಷರ. ಬಿಸಿಲು, ಬೆಳಕು, ಸೆಲ್ಲೋಟೇಪು, ಪ್ಲಾಸ್ಟಿಕ್ ಕವರು, ಇವೆಲ್ಲ ಆ ಅಕ್ಷರವನ್ನು ಅಳಿಸುತ್ತವೆ. ಹೋದ ವರ್ಷದ ಕಟ್ಟು ಬಿಚ್ಚಿ ನೋಡಿ, ಅರ್ಧ ಚೀಟಿ ಬರೀ ಬಿಳಿ ಹಾಳೆಯಾಗಿರುತ್ತವೆ. ಲ್ಯಾಮಿನೇಷನ್ ಮಾಡಿಸಿದರೆ ಉಳಿಯುತ್ತದೆ ಅಂದುಕೊಂಡು ಕೊಟ್ಟರೆ ಇನ್ನೂ ಚೆನ್ನಾಯಿತು, ಬಿಸಿ ರೋಲರ್ ಕೆಳಗೆ ಹೋಗಿ ಪೂರ್ತಿ ಕಪ್ಪಾಗಿ ಬರುತ್ತದೆ.

ಮಾಡಬೇಕಾದದ್ದು: ವಾರಕ್ಕೊಮ್ಮೆ ಈ ಚೀಟಿಗಳನ್ನೆಲ್ಲ ಎ4 ಹಾಳೆಯ ಅಳತೆಗೆ ಹರಡಿ ಒಂದೇ ಝೆರಾಕ್ಸ್ ತೆಗೆಸಿ. ಒಂದು ಹಾಳೆಗೆ ಆರೇಳು ಚೀಟಿ ಹಿಡಿಯುತ್ತವೆ. ಮೂಲ ಚೀಟಿಯನ್ನು ಅದರ ಹಿಂದೆ ಸ್ಟೇಪಲ್ ಮಾಡಿ, ಅಂಟು ಹಚ್ಚಬೇಡಿ.

ಹಮಾಲಿ, ಆಟೋ ಬಾಡಿಗೆ, ಚಹಾ, ಇವಕ್ಕೆ ಬಿಲ್ಲೇ ಬರುವುದಿಲ್ಲ. ಅದಕ್ಕೆ ವೋಚರ್ ಪುಸ್ತಕ ಇಟ್ಟುಕೊಳ್ಳಿ. ಯಾರಿಗೆ, ಯಾಕೆ, ಎಷ್ಟು, ಸಹಿ. ಬರೆಯಲು ಬಾರದವರಾದರೆ ಹೆಬ್ಬೆಟ್ಟು. 5,000 ರೂಪಾಯಿ ದಾಟಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಹಚ್ಚಿ ಅದರ ಮೇಲೆ ಸಹಿ ಹಾಕಿಸಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ, ಕೆಲವು ವಿನಾಯಿತಿ ಬಿಟ್ಟು, ಆದಾಯ ತೆರಿಗೆಯಲ್ಲಿ ಖರ್ಚು ಅಂತ ಒಪ್ಪುವುದಿಲ್ಲ. ಆಮೇಲೆ ಎಷ್ಟು ಚೆಂದದ ವೋಚರ್ ಇದ್ದರೂ ಪ್ರಯೋಜನವಿಲ್ಲ.

ಹಂತ 6: ಬ್ಯಾಂಕು ಮತ್ತು ಯುಪಿಐ

ಪ್ರತಿ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಪ್ರತಿ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪದ ಬರೆಯಿರಿ. "ಮಾರಾಟ", "ಬಾಡಿಗೆ", "ತಮ್ಮ ಕೊಟ್ಟ ಕೈಗಡ", "ಚೀಟಿ ದುಡ್ಡು". ತಿಂಗಳೊಳಗೆ ಬರೆದರೆ ಎಲ್ಲ ನೆನಪಿರುತ್ತದೆ. ಮೂರು ವರ್ಷದ ಮೇಲೆ ಯಾರಾದರೂ ಕೇಳಿದರೆ ಆ 40,000 ಎಲ್ಲಿಂದ ಬಂತು ಅಂತ ದೇವರಿಗೇ ಗೊತ್ತು. ಸೌಂಡ್ ಬಾಕ್ಸ್ ಇಟ್ಟವರಿಗೆ ದಿನದ ದುಡ್ಡೆಲ್ಲ ಬ್ಯಾಂಕಿನಲ್ಲಿ ಒಂದೇ ಮೊತ್ತವಾಗಿ ಬೀಳುವುದುಂಟು. ಬಿಡಿ ಲೆಕ್ಕ ಆ ಆ್ಯಪ್‌ನಲ್ಲಿ ಇರುತ್ತದೆ, ತಿಂಗಳಿಗೊಮ್ಮೆ ಇಳಿಸಿಕೊಳ್ಳಿ. ಸಾಧ್ಯವಾದರೆ ಮನೆಯ ದುಡ್ಡು ಬರುವ ಖಾತೆಯನ್ನೇ ಬೇರೆ ಮಾಡಿ. ಜುಲೈ ನೋಟಿಸಿನಲ್ಲಿ ಹೆಚ್ಚು ತಲೆ ಕೆಡಿಸಿದ್ದು ಈ ಕಲಬೆರಕೆಯೇ.

ಹಂತ 7: ಉದ್ರಿ ಕಾಗದ

ಗೊಬ್ಬರ, ಬೀಜ, ಹಾರ್ಡ್‌ವೇರ್, ಪಂಪ್‌ಸೆಟ್ ಅಂಗಡಿಗಳಿಗೆ ಇದೇ ಜೀವಾಳ. ಮೆಕ್ಕೆಜೋಳ ಬಂದ ಮೇಲೆ ಕೊಡ್ತೀನಿ, ಭತ್ತ ಬಂದ ಮೇಲೆ ಕೊಡ್ತೀನಿ, ಹೀಗೆ ಅರ್ಧ ವ್ಯಾಪಾರ ಉದ್ರಿಯಲ್ಲೇ ನಡೆಯುತ್ತದೆ. ಇಲ್ಲಿ ತಿಂಗಳ ಕ್ರಮ ಕೆಲಸಕ್ಕೆ ಬರುವುದಿಲ್ಲ, ಯಾಕಂದರೆ ಕೇಳುವವನು ಗಿರಾಕಿ.

ಹೆಸರಿನ ಅಕಾರಾದಿಯೂ ನಮ್ಮ ಕಡೆ ಕೈಕೊಡುತ್ತದೆ. ಒಂದು ಗೊಬ್ಬರದ ಅಂಗಡಿಯಲ್ಲಿ ಎಷ್ಟು ಜನ ಬಸವರಾಜಪ್ಪ, ಎಷ್ಟು ಜನ ಹನುಮಂತಪ್ಪ ಇರುತ್ತಾರೆ ಲೆಕ್ಕ ಹಾಕಿ! ಅದಕ್ಕೇ ಮೊದಲು ಊರು, ಆಮೇಲೆ ಹೆಸರು, ಆಮೇಲೆ ಅಪ್ಪನ ಹೆಸರು ಅಥವಾ ಮನೆತನದ ಅಡ್ಡಹೆಸರು. ಊರುಗಳನ್ನೂ ಅಕ್ಷರದ ಕ್ರಮದಲ್ಲಿ ಇಡುವುದಕ್ಕಿಂತ ರಸ್ತೆಯ ಕ್ರಮದಲ್ಲಿ ಇಟ್ಟರೆ ಹುಡುಗರಿಗೆ ಸುಲಭ. ಆನಗೋಡಿನ ಕಡೆಯವು ಒಂದು ಬಾಕ್ಸ್, ಹದಡಿ ಕಡೆಯವು ಒಂದು, ಹರಿಹರದ ಕಡೆಯವು ಒಂದು, ಜಗಳೂರು ಕಡೆಯವು ಒಂದು. ವಸೂಲಿಗೆ ಬೈಕ್ ಹತ್ತುವಾಗ ಆ ರಸ್ತೆಯ ಬಾಕ್ಸ್ ಒಂದನ್ನೇ ತೆಗೆದು ನೋಡಿದರೆ ಸಾಕು.

ಬಾಕಿ ಹಣಕ್ಕೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಅವಧಿ. ಆ ಅವಧಿ ಮುಗಿಯುವ ಮುಂಚೆ ಗಿರಾಕಿ ಬಾಕಿ ಇದೆ ಅಂತ ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಅಲ್ಲಿಂದ ಮತ್ತೆ ಹೊಸದಾಗಿ ಮೂರು ವರ್ಷ. ಹಾಗಾಗಿ ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, "ಇಂಥ ದಿನಕ್ಕೆ ನನ್ನ ಬಾಕಿ ಇಷ್ಟು" ಎಂಬ ಒಂದು ಚೀಟಿಗೆ ಸಹಿ ಮಾಡಿಸಿ ಅವರವರ ಫೈಲಿಗೆ ಹಾಕಿ. ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ಹೊತ್ತಿಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಬ್ಬದ ಪದ್ಧತಿ ಅಂದುಕೊಳ್ಳುತ್ತಾರೆ.

ಪ್ರೋ ನೋಟು (ದುಡ್ಡು ಕೊಡುತ್ತೇನೆ ಅಂತ ಬರೆದು ಸಹಿ ಹಾಕಿದ ಪತ್ರ), ಸಹಿ ಹಾಕಿದ ಚೆಕ್ಕು ಇಂಥವನ್ನು ತೂತು ಮಾಡಬೇಡಿ, ಸ್ಟೇಪಲ್ ಮಾಡಬೇಡಿ. ಪಾರದರ್ಶಕ ಕವರಿನಲ್ಲಿಟ್ಟು ತಿಜೋರಿಗೆ ಹಾಕಿ, ಫೈಲಿನಲ್ಲಿ ಅದರ ಝೆರಾಕ್ಸ್ ಇರಲಿ. ಚೆಕ್ಕಿಗೆ ಮೂರು ತಿಂಗಳ ಆಯಸ್ಸು ಅನ್ನುವುದು ಗೊತ್ತೇ ಇದೆ. ಚೆಕ್ಕು ವಾಪಸ್ ಬಂದರೆ ಬ್ಯಾಂಕಿನ ಮೆಮೊ ಕೈಗೆ ಬಂದ ದಿನವನ್ನು ಅದರ ಮೇಲೇ ಬರೆಯಿರಿ. ಅಲ್ಲಿಂದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ಮುಟ್ಟಿದ ಮೇಲೆ ಅವರಿಗೆ 15 ದಿನ, ಆಮೇಲೆ ದೂರು ಕೊಡಲು ನಿಮಗೆ ಒಂದು ತಿಂಗಳು. ಚೆಕ್ಕು, ಮೆಮೊ, ನೋಟಿಸಿನ ಪ್ರತಿ, ಅಂಚೆ ರಸೀದಿ, ಮುಟ್ಟಿದ್ದಕ್ಕೆ ದಾಖಲೆ, ಐದೂ ಒಂದೇ ಕವರಿನಲ್ಲಿ ಇರಬೇಕು. ವಕೀಲರು ಮೊದಲು ಕೇಳುವುದೇ ಆ ಕವರು.

ಹಂತ 8: ಬೆನ್ನಿನ ಮೇಲೆ ಹೆಸರು, ಪುಸ್ತಕದಲ್ಲಿ ಪಟ್ಟಿ

ಫೈಲಿನ ಬೆನ್ನಿನ ಮೇಲೆ ದಪ್ಪ ಮಾರ್ಕರಿನಲ್ಲಿ ವರ್ಷ, ವಿಷಯ, ತಿಂಗಳು, ಈ ಕ್ರಮದಲ್ಲಿ ಬರೆಯಿರಿ: "25-26 ಖರೀದಿ ಆಗಸ್ಟ್". ತಿಂಗಳಿಗೆ ನಂಬರ್ ಹಾಕಬೇಡಿ. ನಿಮಗೆ 1 ಅಂದರೆ ಏಪ್ರಿಲ್, ಅಂಗಡಿ ಹುಡುಗನಿಗೆ 1 ಅಂದರೆ ಜನವರಿ. ವರ್ಷಕ್ಕೊಂದು ಬಣ್ಣದ ಸ್ಟಿಕ್ಕರ್ ಹಚ್ಚಿದರೆ ದೂರದಿಂದಲೇ ಗೊತ್ತಾಗುತ್ತದೆ.

"ಇತರೆ" ಎಂಬ ಫೈಲ್ ಮಾತ್ರ ಮಾಡಬೇಡಿ. ಮೂರು ತಿಂಗಳಲ್ಲಿ ಎಲ್ಲಾ ಕಾಗದ ಅದರೊಳಗೇ ಇರುತ್ತವೆ. ಯಾವುದೋ ಕಾಗದ ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಮತ್ತೆ ಅದೇ ಪ್ರಶ್ನೆ ಕೇಳಿ: ಇದನ್ನು ಯಾರು ಕೇಳ್ತಾರೆ? ಯಾರೂ ಕೇಳುವುದಿಲ್ಲ ಅನ್ನಿಸಿದರೆ ಅದು ಕಸದ ಬುಟ್ಟಿಗೆ. ಕಂಪನಿಗಳ ದರಪಟ್ಟಿ, ಹಳೆ ಕೊಟೇಷನ್, ಕೊರಿಯರ್ ಕವರು, ಇವೇ ಅರ್ಧ ಜಾಗ ತಿನ್ನುತ್ತವೆ.

ಉದ್ದ ನೋಟ್‌ಬುಕ್ ಅಂದೆನಲ್ಲ, ಅದು ಫೈಲ್ ಪಟ್ಟಿ. ಯಾವ ಫೈಲ್ ಯಾವ ಬೀರುವಿನ ಯಾವ ಅರೆಯಲ್ಲಿದೆ ಅಂತ ಒಂದೊಂದು ಸಾಲು. ಕೊನೆಯ ಕೆಲವು ಪುಟ "ಹೊರಗೆ ಹೋದದ್ದು" ಅಂತ ಬಿಡಿ. ಕಳೆದುಹೋಯಿತು ಅಂತ ಹುಡುಕಾಡುವ ಫೈಲುಗಳಲ್ಲಿ ಬಹಳಷ್ಟು ಕಳೆದಿರುವುದೇ ಇಲ್ಲ. ಆಡಿಟರ್ ಆಫೀಸಿನಲ್ಲೋ, ಬ್ಯಾಂಕ್ ಮ್ಯಾನೇಜರ್ ಟೇಬಲ್ಲಿನ ಮೇಲೋ ಕೂತಿರುತ್ತವೆ. ಯಾವ ಫೈಲ್, ಯಾರು ತಗೊಂಡು ಹೋದರು, ಯಾವ ದಿನ, ಸಹಿ. ಪರಿಚಯದವರ ಹತ್ತಿರ ಸಹಿ ಕೇಳಲು ಸಂಕೋಚ ಅನ್ನಿಸುತ್ತದೆ. ಕೇಳಿ.

ಲೆಕ್ಕದ ಪುಸ್ತಕ ಕೈಯಲ್ಲಿ ಬರೆಯುವವರು ಪುಟಕ್ಕೆಲ್ಲ ನಂಬರ್ ಹಾಕಿ, ಪುಸ್ತಕಕ್ಕೂ ನಂಬರ್ ಹಾಕಿ. ತಪ್ಪಾದರೆ ವೈಟ್ನರ್ ಹಚ್ಚಬೇಡಿ, ಮೇಲೆ ತಿದ್ದಬೇಡಿ. ಒಂದು ಗೆರೆ ಎಳೆದು ಪಕ್ಕ ಸಹಿ ಹಾಕಿ ಸರಿಯಾದದ್ದು ಬರೆಯಿರಿ, ಜಿಎಸ್‌ಟಿ ನಿಯಮವೂ ಅದನ್ನೇ ಹೇಳುತ್ತದೆ.

ಮೊಬೈಲ್ ಸ್ಕ್ಯಾನ್ ಬೇಕಾ? ಬೇಕು, ಖರೀದಿ ಬಿಲ್ಲು ಮತ್ತು ಕಾಯಂ ಫೈಲಿನದ್ದು. ಹೆಸರು ಕೊಡುವಾಗ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಹಾಕಿ, ತಾನಾಗೇ ಸಾಲಾಗಿ ನಿಲ್ಲುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ, ಅಲ್ಲೇ ಇದೆ ಅಂತ ಬಿಡಬೇಡಿ. ಫೋನ್ ಹೋದರೆ ಅದೂ ಹೋಯಿತು.

ಹಂತ 9: ದಿನ, ವಾರ, ತಿಂಗಳು

ಅಂಗಡಿ ಬಾಗಿಲು ಎಳೆಯುವ ಮುಂಚೆ ಹತ್ತು ನಿಮಿಷ: ಅವತ್ತಿನ ಕಾಗದವನ್ನೆಲ್ಲ ಒಂದು ಟ್ರೇಗೆ. ಕಡ್ಡಿಗೆ ಚುಚ್ಚಿದ್ದು ಅವತ್ತೇ ಇಳಿಯಬೇಕು. ವಾರಕ್ಕೊಮ್ಮೆ ಟ್ರೇ ಖಾಲಿ ಮಾಡಿ ಫೈಲಿಗೆ. ತಿಂಗಳಿಗೊಮ್ಮೆ 2ಬಿ ತಾಳೆ, ಬ್ಯಾಂಕ್ ತಾಳೆ. ಇದನ್ನು ಒಬ್ಬರೇ ಮಾಡಬೇಕು. ಇಬ್ಬರು ಮಾಡಿದರೆ ಇಬ್ಬರೂ ಇನ್ನೊಬ್ಬ ಮಾಡಿದ್ದಾನೆ ಅಂದುಕೊಳ್ಳುತ್ತಾರೆ.

ಹಂತ 10: ಎಷ್ಟು ವರ್ಷ ಇಡಬೇಕು, ಹಳೆ ಗೋಣಿಚೀಲ ಏನು ಮಾಡಬೇಕು

ಜಿಎಸ್‌ಟಿ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಲೆಕ್ಕ ಹಾಕಿ ನೋಡಿ: 2025-26ರ ವಾರ್ಷಿಕ ರಿಟರ್ನಿಗೆ ಗಡುವು 2026ರ ಡಿಸೆಂಬರ್ 31. ಅಲ್ಲಿಂದ ಆರು ವರ್ಷ ಅಂದರೆ 2032ರ ಡಿಸೆಂಬರ್ 31. ಮೇಲ್ಮನವಿ, ತನಿಖೆ ನಡೆಯುತ್ತಿದ್ದರೆ ಅದು ಮುಗಿದು ಒಂದು ವರ್ಷದವರೆಗೂ ಮುಟ್ಟುವ ಹಾಗಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡವರಿಗೆ ಎಂಟು ವರ್ಷ. ಪ್ರತಿ ಕಾಗದಕ್ಕೂ ಬೇರೆ ಬೇರೆ ಲೆಕ್ಕ ಇಟ್ಟುಕೊಳ್ಳುವುದು ತಲೆನೋವು, ನಾನು ಎಲ್ಲರಿಗೂ ಹೇಳುವುದು ವರ್ಷ ಮುಗಿದ ಮೇಲೆ ಎಂಟು ವರ್ಷ, ಮುಗೀತು. ಕಾಯಂ ಫೈಲ್, ತೀರದ ಉದ್ರಿ, ಕೋರ್ಟಿನ ಕಾಗದ ಇದಕ್ಕೆ ಸೇರುವುದಿಲ್ಲ.

ಅಟ್ಟದ ಮೇಲಿನ ಹಳೆ ಚೀಲಗಳಿಂದ ಶುರು ಮಾಡಬೇಡಿ. ಅದು ಎಲ್ಲರೂ ಮಾಡುವ ಉತ್ಸಾಹ, ಎರಡೇ ದಿನಕ್ಕೆ ಸೋತು ಬಿಡುತ್ತಾರೆ. ಇವತ್ತಿನ ಕಾಗದದಿಂದ ಶುರು ಮಾಡಿ, ಈ ವರ್ಷದ ಫೈಲು ನಿಂತ ಮೇಲೆ ಹೋದ ವರ್ಷಕ್ಕೆ ಹೋಗಿ, ಆಮೇಲೆ ಅದರ ಹಿಂದಿನದು. ಹಳೆ ವರ್ಷಗಳಿಗೆ ತಿಂಗಳ ಫೈಲ್ ಬೇಕಿಲ್ಲ. ತಿಂಗಳವಾರು ಕಟ್ಟು ಮಾಡಿ, ಮೇಲೆ ಕೆಳಗೆ ರಟ್ಟು ಕೊಟ್ಟು, ದಬ್ಬಣದಿಂದ ದಾರ ಹಾಕಿ ಹೊಲಿದರೆ ಸಾಕು. ನಮ್ಮ ಮಂಡಿಗಳ ಹಳೆ ಗುಮಾಸ್ತರು ಹಾಗೇ ಮಾಡುತ್ತಿದ್ದರು, ಆ ಕಟ್ಟುಗಳು ಇವತ್ತಿಗೂ ಬಿಚ್ಚಿಲ್ಲ.

ಅವಧಿ ಮುಗಿದದ್ದನ್ನು ರದ್ದಿಗೆ ಹಾಕಬೇಡಿ. ಬಿಲ್ಲಿನಲ್ಲಿ ಗಿರಾಕಿಯ ಫೋನ್ ನಂಬರ್ ಇರುತ್ತದೆ, ಚೆಕ್ಕಿನ ಝೆರಾಕ್ಸ್ ಇರುತ್ತದೆ, ಕೆಲಸದವರ ಆಧಾರ್ ಪ್ರತಿ ಇರುತ್ತದೆ. ಅದು ರದ್ದಿ ಅಂಗಡಿ ದಾಟಿ ಸಂಜೆ ಯಾರದೋ ಮಂಡಕ್ಕಿ-ಮೆಣಸಿನಕಾಯಿ ಪೊಟ್ಟಣವಾಗಿ ಕೈಗೆ ಬರುವುದು ಈ ಊರಲ್ಲಿ ಹೊಸದಲ್ಲ. ಹೆಸರು, ಸಹಿ, ನಂಬರ್ ಇರುವ ಹಾಳೆಗಳನ್ನು ಬೇರೆ ಮಾಡಿ ಸಣ್ಣಗೆ ಹರಿಯಿರಿ, ಅಥವಾ ಬಕೆಟ್ ನೀರಿನಲ್ಲಿ ರಾತ್ರಿ ನೆನೆಸಿ ಹಿಸುಕಿ. ಉಳಿದ ಖಾಲಿ ರಟ್ಟು, ಹಳೆ ಕವರುಗಳನ್ನು ರದ್ದಿಗೆ ಕೊಡಬಹುದು. ಹರಿದ ಮೇಲೆ ಫೈಲ್ ಪಟ್ಟಿಯಲ್ಲಿ ಆ ಸಾಲಿಗೆ ಗೆರೆ ಎಳೆದು, ದಿನಾಂಕ ಹಾಕಿ, ಹರಿದವರ ಸಹಿ ಮಾಡಿಸಿ.